ಷರಾ

ಈ ರಿಜಿಸ್ಟರಿನಲ್ಲಿ ಏಳು ಅಂಕಣ.
ಶಿಬಿರ ಎಷ್ಟು, ಹಾಜರಾದವರು ಎಷ್ಟು,
ಹಂಚಿದ ಕರಪತ್ರ, ಕುಡಿದ ಟೀ ಸಹ ಎಷ್ಟು.
ಕೊನೆಯದು ಷರಾ. ಇಪ್ಪತ್ಮೂರು ವರ್ಷದಿಂದ
ಹೆಚ್ಚುಕಡಿಮೆ ಖಾಲಿ.

ನಾಳೆ ಚಾರ್ಜು ಕೊಡಬೇಕು. ಬರುವವರು ಮೀನುಗಾರಿಕೆಯಿಂದ.
ನಾನು ಬಂದದ್ದು ಅಳತೆ-ತೂಕದಿಂದ,
ಯಾರದೋ ತಕ್ಕಡಿಗೆ ಸೀಲು ಒತ್ತಲೊಲ್ಲೆ ಅಂದದ್ದಕ್ಕೆ.
"ವ್ಯಸನ ತಡೆಗೆ ಹಾಕಿ, ಬುದ್ಧಿ ಬರುತ್ತೆ" ಅಂದರಂತೆ.
ಬಹುಮಹಡಿ ಕಟ್ಟಡ, ಮೂರನೇ ಮಹಡಿ, ಶೌಚಾಲಯದ ಪಕ್ಕ.
ನಮ್ಮ ನೆತ್ತಿಯ ಮೇಲೆ ಅಬಕಾರಿ.
ಅವರು ಗುರಿ ಮುಟ್ಟಿದ ವರ್ಷ
ಲಿಫ್ಟಿನಲ್ಲಿ ನಮಗೂ ಮೈಸೂರುಪಾಕು.
ತಿಂದಿದ್ದೇನೆ. ಚೆನ್ನಾಗಿತ್ತು.

ಸಭೆ ಮುಗಿದ ಮೇಲೆ ಯಾರಾದರೊಬ್ಬರು, ದನಿ ತಗ್ಗಿಸಿ:
ನಿಮ್ಮ ಮನೆಯಲ್ಲಿ ಯಾರಾದರೂ...?
ಇಲ್ಲ ಅಂದರೆ ಪಾಪ, ಅವರಿಗೆ ನಿರಾಸೆ.
ಅಪ್ಪನಿಗೆ ಬರೀ ನಶ್ಯ. ಗಂಡ ಕಾಫಿಯೂ ಅರ್ಧ ಲೋಟ.
ನನ್ನದು ನಿಯೋಜನೆ ಆದೇಶ, ಅಷ್ಟೆ.
ಆಮೇಲೆ ಅದೇ ಚಟವಾಯಿತು.
ಈ ಮಾತು ಆಫೀಸಿನಲ್ಲಿ ಆಡುವಂತಿಲ್ಲ.

ಮೊದಲ ವರ್ಷದ ಪೋಸ್ಟರು ನಾನೇ ಮಂಜೂರು ಮಾಡಿದ್ದು:
ತಲೆಬುರುಡೆ, ಅಡ್ಡ ಎಲುಬು, ಕೆಂಪಕ್ಷರ.
ಕಲಾಸಿಪಾಳ್ಯದ ಬಸ್ ನಿಲ್ದಾಣದ ಹಿಂದೆ
ಚಿಂದಿ ಆಯುವ ಹುಡುಗರು ಅದನ್ನು ಕಿತ್ತು
ಹಾಸಿಕೊಂಡು ಮಲಗಿದ್ದರು.
ಒಬ್ಬ, ಮುತ್ತುವೇಲು, ಒಂಬತ್ತೋ ಹತ್ತೋ,
ಅಂಗಿಯ ತೋಳಿಗೆ ಮೂಗು ಒತ್ತಿಕೊಂಡೇ ಕೇಳಿದ:
"ಅಕ್ಕಾ, ಇದು ಕರೆಂಟ್ ಕಂಬದ್ದಲ್ವಾ? ಮುಟ್ಟಬಾರದು ಅಂತ?"
ತೋಳಿನಲ್ಲಿ ಪಂಕ್ಚರ್ ಸೊಲ್ಯೂಷನ್ ವಾಸನೆ.
"ಹಸಿವಾಗಲ್ಲ ಅಕ್ಕಾ. ಚಳೀನೂ ಆಗಲ್ಲ."
ಕರಪತ್ರ ತಿರುವಿ ನೋಡಿದೆ,
ಹಿಂದೆ ಮುದ್ರಕರ ವಿಳಾಸ ಮಾತ್ರ.

ಮುಂದಿನ ವರ್ಷ ಪೋಸ್ಟರಿನ ದುಡ್ಡನ್ನು ಲೆಕ್ಕಶೀರ್ಷಿಕೆ ಬದಲಿಸಿ
ರಾತ್ರಿಯ ಅನ್ನ-ಸಾರಿಗೆ ಹಾಕಿದೆ.
ಆಡಿಟ್ ಆಕ್ಷೇಪಣೆ ಹದಿನಾಲ್ಕು ಪುಟ.
"ಅನ್ನಕ್ಕೂ ವ್ಯಸನ ತಡೆಗೂ ಇರುವ ಸಂಬಂಧವನ್ನು ವಿವರಿಸತಕ್ಕದ್ದು."
ವಿವರಿಸಿದೆ. ಇನ್ನೂ ವಿವರಿಸುತ್ತಿದ್ದೇನೆ.
ಆ ಫೈಲು ನಾಳೆಯಿಂದ ಮೀನುಗಾರಿಕೆಯವರದ್ದು.

ಸಿದ್ದಾಪುರದಲ್ಲಿ ಪಂಕ್ಚರ್ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದೆ,
ಮಕ್ಕಳಿಗೆ ಟ್ಯೂಬು ಮಾರಬೇಡಿ ಎಂದು.
"ಆರ್ಡರ್ ಇದೆಯಾ ಮೇಡಂ?"
"ಇಲ್ಲ. ನಾನೇ ಬಂದಿದ್ದೀನಿ."
ನಸರುಲ್ಲಾ ಸಾಬರು ಬಹಳ ಹೊತ್ತು
ಯಾರದೋ ಸೈಕಲ್ಲಿನ ಚಕ್ರ ತಿರುಗಿಸುತ್ತ ಕೂತರು.
ಮಾರನೆಯ ವಾರ ಹೋದರೆ, ಬಿಸ್ಕತ್ತಿನ ಡಬ್ಬಿಗೆ ಚಿಲಕ ಬಡಿದು,
ಟ್ಯೂಬುಗಳನ್ನೆಲ್ಲ ಒಳಗಿಟ್ಟು, ಬೀಗ.

ಮುತ್ತುವೇಲು ಏನಾದ? ಗೊತ್ತಿಲ್ಲ.
ಒಮ್ಮೆ ಮೆಜೆಸ್ಟಿಕ್‌ನಲ್ಲಿ ಕಂಡಂತಾಯಿತು,
ಹೆಗಲಿಗೆ ಕಂಡಕ್ಟರ್ ಚೀಲ, ಬಾಯಲ್ಲಿ ಸೀಟಿ.
ಕರೆಯಲಿಲ್ಲ. ಅವನಲ್ಲದಿದ್ದರೆ?
ಆಗದೇ ಉಳಿದದ್ದನ್ನು ಯಾವ ಅಂಕಣದಲ್ಲಿ ಬರೆಯುವುದು?
ಬಾಟಲಿ ಎಣಿಸಬಹುದು. ಮೇಲಿನ ಮಹಡಿಯವರು
ಎಷ್ಟು ಚಂದ ಎಣಿಸುತ್ತಾರೆ.

ಇವತ್ತು ಸಂಜೆ ಸ್ಕೂಟರಿಗೆ ಗಾಳಿ ಕಡಿಮೆ.
ಸಾಬರಿಲ್ಲ; ಅಳಿಯ ಕೂತಿದ್ದಾನೆ, ನನ್ನ ಗುರುತಿಲ್ಲ.
ಡಬ್ಬಿ ಅಲ್ಲೇ ಇದೆ. ತುಕ್ಕು ಹಿಡಿದಿದೆ. ಬೀಗ ಹೊಸದು.
ಇದಕ್ಕೇಕಪ್ಪ ಬೀಗ, ಅಂದೆ.
"ಗೊತ್ತಿಲ್ಲ ಅಮ್ಮ. ಮಾವ ಹಾಕ್ತಿದ್ರು,
ನಾವೂ ಹಾಕ್ತೀವಿ."

ಎರಡೂ ಚಕ್ರಕ್ಕೆ ಗಾಳಿ ಹಿಡಿದ.
ಹತ್ತು ರೂಪಾಯಿ ತಗೊಂಡ.