ಇನ್ನೂರ ಹದಿನಾಲ್ಕನೇ ಸಾಲು

ಎಸ್ಟೋನಿಯದ ಈ ಬಂದರಿನಲ್ಲಿ ಮೂರೂವರೆಗೇ ಕತ್ತಲು.
ಮಾರಿಕಾಳ ತೆರೆಯ ಮೇಲೆ ಒಂದೇ ಕಡತ, ಎರಡು ಸಲ:
ಎಡಕ್ಕೆ ತೊಂಬತ್ತೆಂಟರದ್ದು, ಬಲಕ್ಕೆ ನಿನ್ನೆಯದ್ದು,
ಪಕ್ಕಪಕ್ಕ ಕೂತ ಅವಳಿಗಳು.
ಮಚ್ಚೆ ಎಲ್ಲಿ ಬೇರೆ ಅಂತ ಯಂತ್ರ ಹುಡುಕಿಕೊಡುತ್ತದೆ.

ಬಹುಪಾಲು ಬರೀ ಖಾಲಿ ಜಾಗ.
ಯಾರೋ ಟ್ಯಾಬ್ ಒತ್ತಿದ್ದಾರೆ, ಯಾರೋ ಆವರಣವನ್ನು
ಕೆಳಸಾಲಿಗೆ ಇಳಿಸಿದ್ದಾರೆ,
ಹೊಸ ಸೊಸೆ ಉಪ್ಪಿನ ಭರಣಿ ಸರಿಸಿದ ಹಾಗೆ.

ಇದೊಂದು ಸಾಲು ಮಾತ್ರ ಕೆಂಪು:
ಕಾಯು ೪೦.
ಎದುರಿಗೆ ಹಸಿರು:
ಕಾಯು ೧೨.
ಗಂಟೆ ಬಾರಿಸಿದ ಮೇಲೆ, ಸೇತುವೆ ಮೇಲೇಳುವ ಮುಂಚೆ,
ಇಷ್ಟು ಸೆಕೆಂಡು.

ನಲವತ್ತು ಯಾಕೆ? ಹೈನೊ ಟಿಪ್ಪಣಿ ಬರೆಯುವ ಜಾತಿಯಲ್ಲ,
ಕೇಳೋಣವೆಂದರೆ ಈಗ ಅವನೂ ಇಲ್ಲ.
ಅವನ ಹೆಂಡತಿ ಲೈನೆ ಫೋನಿನಲ್ಲಿ ನಕ್ಕಳು:
"ಆಚೆ ದಡದಲ್ಲಿ ಶಿಶುವಿಹಾರ ಇತ್ತಲ್ಲ,
ಒಂದೇ ಹಗ್ಗ ಹಿಡಿದು ಸಾಲಾಗಿ ದಾಟುತ್ತಿದ್ದವು.
ಕೊನೆಯವನೊಬ್ಬ ದಿನಾ ನಡುವೆ ನಿಂತು
ನೀರು ನೋಡುತ್ತಿದ್ದ."

ಶಿಶುವಿಹಾರ ಈಗ ಟೈರ್ ಅಂಗಡಿ.
ಹನ್ನೆರಡು ಸಾಕು. ಲೆಕ್ಕ ಸರಿಯಾಗಿಯೇ ಇದೆ.

ಮಾರಿಕಾ ಹದಿಮೂರು ಮಾಡಿದಳು.
'ಬದಲಾವಣೆಗೆ ಕಾರಣ' ಎಂಬಲ್ಲಿ
ಕರ್ಸರ್ ಮಿಟುಕಿತು, ಮಿಟುಕಿತು.
ಹಾಗೇ ಬಿಟ್ಟು ಕೋಟು ಹಾಕಿಕೊಂಡಳು.