ಎರಡನೆಯ ತೋಟಾ

ವಿರಾಜಪೇಟೆಯ ಡಾಕ್ಟರು ಪರದೆ ನೋಡುತ್ತಲೇ
ಎರಡು ಬೆರಳೆತ್ತಿದರು.
ಕೋವಿಗೆ ಎಣ್ಣೆ ಹಚ್ಚುತ್ತಿದ್ದ ಮಾವನ ಕೈ ನಿಂತಿತು:
ಗಂಡಾಗಲಿ ಹೆಣ್ಣಾಗಲಿ, ಹುಟ್ಟಿಗೆ ಒಂದು ಗುಂಡು.
ಎರಡು ಹೊಡೆದರೆ
ಸಾವೆಂದು ಊರೇ ಓಡಿಬರುತ್ತದಲ್ಲ ಮಗಳೇ.

ಶನಿವಾರ ನಿನ್ನ ಫೋನು.
ನನ್ನ ಮಾತು ಹಿಮ ಹತ್ತಿ ನಿನ್ನನ್ನು ಮುಟ್ಟುವಷ್ಟರಲ್ಲಿ
ಎಡಗಡೆಯದು ಒದೆಯಿತು.
ನಕ್ಕೆ.
ನಗು ತಲುಪುವ ಮೊದಲೇ ಲೈನು ಹೋಯಿತು.

ಕಾಫಿ ಹೂ ಬಿಟ್ಟಿದೆ, ಆ ಘಮಕ್ಕೇ ತಲೆಸುತ್ತು.
ನಿನ್ನ ಹಳೇ ಕೋಟಿನ ಗುಂಡಿ ಈಗ ಕೂಡುವುದಿಲ್ಲ.
ರಾತ್ರಿ ಆನೆ ಓಡಿಸುವ ಪಟಾಕಿ
ಒಂದು.
ಉಸಿರು ಬಿಗಿಹಿಡಿದು ಕಾಯುತ್ತೇನೆ,
ಮತ್ತೊಂದು ಕೇಳಿಸದಿರಲಿ.

ಮಾವನಿಗೆ ಹೇಳಿದ್ದೇನೆ,
ಮೊದಲು ಹುಟ್ಟಿದ್ದಕ್ಕೆ ನೀವು ಹೊಡೆಯಿರಿ.
ಎರಡನೆಯ ತೋಟಾ ಅಕ್ಕಿ ಡಬ್ಬಿಯಲ್ಲಿದೆ, ಮಾಚು.
ನೀನೇ ಬಂದು ಹೊಡಿ.