ಮಿಷನ್ನಿನಲ್ಲಿಲ್ಲದ ಸ್ಟಾಪು

ಮಂಡ್ಯ ಡಿಪೋದ ಹಿಂಬದಿ, ಸವೆದ ಟಯರುಗಳ ಪಕ್ಕ
ಹೊಂಗೆ ನೆರಳಲ್ಲಿ ಕೂತು ನಾವು ಮೂವರು
ಕೆರೆ ಆರಿಸುತ್ತಿದ್ದೆವು,
ಸೀರೆ ಅಂಗಡಿಯಲ್ಲಿ ಕೂತ ಹಾಗೆ:
ಅದು ಬಿಚ್ಚು, ಇದು ಬಿಚ್ಚು, ಸೆರಗು ತೋರಿಸು.

ಮೂವರಿಗೂ ರಜೆ ಒಟ್ಟಿಗೆ ಬಿದ್ದದ್ದು
ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು.
ಡೇರೆ ಭಾಗ್ಯಲತಾಳ ತಮ್ಮನದು, ಎನ್‌ಸಿಸಿ ಹುಡುಗ.
ಒಂದು ಗೂಟ ಕಡಿಮೆ ಅಂತ ಹೇಳಿಯೇ ಕೊಟ್ಟ.

ತೊಣ್ಣೂರು ಅಂದಳು ಜಬೀನ.
ನೀರು ಎಷ್ಟು ತಿಳಿ ಅಂದ್ರೆ ತಳದ ಕಲ್ಲು ಎಣಿಸಬಹುದು.
ಎಣಿಸಿದ್ದೀಯಾ?
ಇಲ್ಲ. ಹುಡುಗರು ಹೇಳ್ತಾರೆ ಬಸ್ಸಲ್ಲಿ,
ಒದ್ದೆ ಪ್ಯಾಂಟಲ್ಲೇ ಸೀಟಿನ ತುದಿಗೆ ಕೂತು.

ವರುಣಾ ಅಂದಳು ಭಾಗ್ಯಲತಾ.
ಮೈಸೂರಿಗೆ ಹತ್ತಿರ, ದೊಡ್ಡ ರೋಡಿನ ಮಗ್ಗುಲಲ್ಲೇ,
ಹಾವು ಕಚ್ಚಿದರೆ ಆಸ್ಪತ್ರೆಗೆ ಅರ್ಧ ಗಂಟೆ.
ಅವಳು ಹೀಗೇ. ಛತ್ರಕ್ಕೆ ಹೋದರೂ
ಮೊದಲು ನೋಡುವುದು ಹಿಂಬಾಗಿಲು.
ಆದರೆ ರಾತ್ರಿಯೆಲ್ಲ ಲಾರಿಗಳ ಹಾರನ್ನು;
ನಿದ್ದೆಗಣ್ಣಲ್ಲಿ ನಾನು ಎದ್ದು ರೈಟ್ ರೈಟ್ ಅಂದುಬಿಟ್ಟರೆ?

ಸೂಳೆಕೆರೆ ಅಂತಲೂ ಒಮ್ಮೆ ಅಂದು ನೋಡಿದೆವು.
ಅತ್ತೆಗೆ ಏನಂತ ಹೇಳಿ ಹೊರಡೋದೇ ಎಂದು ಜಬೀನ
ನಕ್ಕು ನಕ್ಕು ಟೀ ಚೆಲ್ಲಿಕೊಂಡಳು.

ಕನ್ನಂಬಾಡಿ ಹಿನ್ನೀರಿನ ಕಡೆ
ಬಾಡಿಗೆ ಡೇರೆಗಳಿವೆಯಂತೆ: ಒಳಗೆ ಮಂಚ, ಫ್ಯಾನು.
ಬೆಂಕಿಗೆ ಬೇರೆ ರೇಟು.
ಬೆಂಕಿಗೆ!
ನಮ್ಮವ್ವ ಪಕ್ಕದ ಮನೆಯಿಂದ ಕೆಂಡ ತಂದು
ಒಲೆ ಹಚ್ಚುತ್ತಿದ್ದವಳು.

ನಿಜ ಹೇಳಬೇಕೆಂದರೆ ಈ ಕೆರೆಗಳೆಲ್ಲ
ನಮಗೆ ಕಿಟಕಿಯ ಅಳತೆಯವು.
ಡ್ರೈವರ್ ಸೀಟಿನ ಹಿಂದೆ ಶುರುವಾಗಿ
ಹಿಂಬಾಗಿಲಲ್ಲಿ ಮುಗಿಯುತ್ತವೆ.
ಅಷ್ಟರೊಳಗೆ ಯಾರಿಗೋ ಚಿಲ್ಲರೆ ಕೊಡಬೇಕು.

ಆಗ ನೆನಪಾಯಿತು, ನಾಗಮಂಗಲ ರೂಟಿನ ಆ ಏರಿ.
ಟಿಕೆಟ್ ಮಿಷನ್ನಿನಲ್ಲಿ ಅದಕ್ಕೆ ಹೆಸರಿಲ್ಲ, ಸ್ಟೇಜಿಲ್ಲ;
ಮುಂದಿನ ಊರಿಗೆ ಹರಿದು ನಡುವೆ ಇಳಿಸಬೇಕು.
ಇಳಿಯುತ್ತಿದ್ದವನು ಒಬ್ಬನೇ, ಮುದ್ದುಮಾರಯ್ಯ,
ಮಡಿಲಲ್ಲಿ ಬಲೆ, ಮೈಯೆಲ್ಲ ಪಾಚಿಯ ವಾಸನೆ.
ಏರಿ ತಾವು ನಿಲ್ಸವ್ವ.
ಗೊಣಗಿಕೊಂಡೇ ನಿಲ್ಲಿಸುತ್ತಿದ್ದೆ.
ಒಂದಿನ ಮೆಟ್ಟಿಲ ಮೇಲೆ ನಿಂತು ಅಂದ:
ನೀನೂ ಒಂದ್ಸಲ ಇಳ್ದು ನೋಡವ್ವ,
ಬಸ್ಸು ಎಲ್ಗೂ ಓಡೋಗಕಿಲ್ಲ.
ಓಡೋದೇ ಅದರ ಕೆಲಸ ಅಂದೆ, ಸೀಟಿ ಊದಿದೆ.

ಆ ಸೋಮವಾರದ ಬಸ್ಸಿನ ಹೊಸ ಕಂಡಕ್ಟರ್ ಹುಡುಗ
ನಮಗೆ ಮೂರು ಸೊನ್ನೆ ಟಿಕೆಟ್ ಹರಿಯುವ ಮೊದಲು
ಅಲ್ಲಿ ಸ್ಟಾಪಿಲ್ಲ ಮೇಡಂ ಅಂದ, ಪಾಪ, ನನ್ನದೇ ದನಿಯಲ್ಲಿ.
ಗೊತ್ತು ಕಣಪ್ಪ. ಮುಂದಿನ ಊರಿಗೇ ಹರಿ.

ಕೆರೆ ಅಂಥ ಚೆಂದವೇನೂ ಇರಲಿಲ್ಲ.
ಅರ್ಧ ಜೊಂಡು, ಒಂದು ಹರಿದ ಚಪ್ಪಲಿ,
ನಮ್ಮ ಜಾಗ ನೋಡಿ ಎದ್ದು ಹೋಗಲು ಒಪ್ಪದ ಎಮ್ಮೆಗಳು.
ಭಾಗ್ಯಲತಾ ಹುತ್ತ ಹುಡುಕಿ ಹುಡುಕಿ
ಮೂರು ಸಲ ಡೇರೆ ಕೀಳಿಸಿದಳು.
ಇಲ್ಲದ ಗೂಟದ ಹಗ್ಗವನ್ನು ಕೊನೆಗೆ
ಉಪ್ಪಿಟ್ಟು ತುಂಬಿದ ಟಿಫನ್ ಕ್ಯಾರಿಯರಿಗೆ ಕಟ್ಟಿದೆವು;
ಹಸಿವಾಗುವವರೆಗೆ ಡೇರೆ ನೆಟ್ಟಗಿತ್ತು.

ಮುದ್ದುಮಾರಯ್ಯ ಕಾಣಲಿಲ್ಲ.
ತೂಬಿನ ಕಲ್ಲಿನ ಮೇಲೆ ಯಾರದೋ ಬಲೆ ಒಣಗುತ್ತಿತ್ತು.

ಕತ್ತಲಿಗೆ ಮುಂಚೆ ಏರಿಯ ಮೇಲೆ
ದೀಪ ಹಚ್ಚಿಕೊಂಡು ನಮ್ಮ ಬಸ್ಸು ಬಂತು.
ಕಾಲು ನೀರಲ್ಲಿಟ್ಟು ನೋಡಿದೆ:
ಅತ್ತಿಮರದಲ್ಲಿ ಶುರುವಾಗಿ
ತೂಬಿನ ಹತ್ತಿರ ಮುಗಿದುಹೋಯಿತು.
ಅದರ ಕಿಟಕಿಗಳೆಲ್ಲ ನೀರಿನಲ್ಲಿ
ಇನ್ನೂ ಸ್ವಲ್ಪ ಹೊತ್ತು ಅಲ್ಲಾಡುತ್ತಿದ್ದವು.

ಎಂಟು ನಿಮಿಷ ಲೇಟು, ಅಂದಳು ಜಬೀನ,
ಗಡಿಯಾರ ನೋಡದೆ.